ಗೋಧಿಯ ವಿಶಾಲ ಹೊಲಗಳಲ್ಲಿ ಭೂಮಿಯ ಯೋಗ್ಯತೆಗೆ ತಕ್ಕಂತೆ ಗೊಬ್ಬರ ಹಾಕುವ ಕ್ರಮ

ಒಂದೇ ಎಲ್ಲೆಯೊಳಗಿರುವ ಹೊಲವೆಲ್ಲವೂ ಒಂದೇ ಗುಣವುಳ್ಳದ್ದಾಗಿರುವುದಿಲ್ಲವೆಂಬುದು ಬೇಸಾಯಗಾರರೆಲ್ಲರೂ ಬಲ್ಲ ವಿಷಯವೇ ಆಗಿದೆ. ದಿಣ್ಣೆಯ ಮೇಲಿನ ಪೈರು ಬೇಗನೆ ಬಾಡುವುದು, ತಗ್ಗಿನ ಪೈರು ಹುಲುಸಾಗಿ ಬೆಳೆಯುವುದು, ಹಿಂದೆ ತಿಪ್ಪೆಯಿದ್ದ ಸ್ಥಳದಲ್ಲಿ ಎಲೆಗಳು ಕಡುಹಸುರಾಗಿ ಕಾಣುವುದು, ಇವುಗಳನ್ನು ನೋಡದ ರೈತನಿಲ್ಲ. ಆದರೂ ಗೊಬ್ಬರ ಹಾಕುವ ಕಾಲ ಬಂದಾಗ ಹೊಲಕ್ಕೆಲ್ಲ ಒಂದೇ ಪ್ರಮಾಣವನ್ನು ಹಾಕಿಬಿಡುವುದು ಎಲ್ಲ ದೇಶಗಳಲ್ಲಿಯೂ ಬಹುಕಾಲದಿಂದ ನಡೆದುಬಂದ ವಾಡಿಕೆ. ಇದರಿಂದ ಹೊಲದ ಒಂದು ಭಾಗದಲ್ಲಿ ಗೊಬ್ಬರದ ಹಣವು ಮಣ್ಣುಪಾಲಾಗುತ್ತದೆ. ಮತ್ತೊಂದು ಭಾಗದಲ್ಲಿ ಬರಬಹುದಾಗಿದ್ದ ಫಸಲು ಬಾರದೆ ಹೋಗುತ್ತದೆ. ಈ ಎರಡು ನಷ್ಟಗಳನ್ನೂ ತಪ್ಪಿಸುವ ಉದ್ದೇಶದಿಂದ ಕಳೆದ ಮೂವತ್ತು ವರ್ಷಗಳಲ್ಲಿ ಗೋಧಿ ಬೆಳೆಯುವ ದೇಶಗಳಲ್ಲಿ ರೂಢಿಗೆ ಬಂದಿರುವ ಕ್ರಮವನ್ನೂ, ಅದರ ಗುಣದೋಷಗಳನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ. ಇದಕ್ಕೆ ಪಶ್ಚಿಮ ಆಸ್ಟ್ರೇಲಿಯದ ಗೋಧಿಯ ನಾಡನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಆ ದೇಶದ ಸ್ಥಿತಿ

ಪಶ್ಚಿಮ ಆಸ್ಟ್ರೇಲಿಯದ ಗೋಧಿಯ ಪ್ರದೇಶವು ಉತ್ತರದಲ್ಲಿ ಗೆರಾಲ್ಡ್‌ಟನ್ ಪಟ್ಟಣದ ಸಮೀಪದಿಂದ ಆರಂಭವಾಗಿ, ಪರ್ತ್ ನಗರದ ಪೂರ್ವಕ್ಕೆ ಬಾಗಿ, ಆಗ್ನೇಯದಲ್ಲಿ ಎಸ್ಪೆರೆನ್ಸ್ ಬಂದರಿನವರೆಗೆ ಬಿಲ್ಲಿನಂತೆ ಹಬ್ಬಿದೆ. ಅಲ್ಲಿ ಗೋಧಿಯನ್ನು ಮಳೆಯಾಧಾರದಿಂದಲೇ ಬೆಳೆಯುತ್ತಾರೆ, ನೀರಾವರಿಯ ಅನುಕೂಲವಿಲ್ಲ. ಮಳೆಯು ಚಳಿಗಾಲದಲ್ಲಿ ಬೀಳುವುದರಿಂದ ಏಪ್ರಿಲ್ ತಿಂಗಳ ಕೊನೆಯಿಂದ ಜೂನ್ ತಿಂಗಳೊಳಗೆ ಬಿತ್ತನೆಯಾಗಿ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕೊಯ್ಲು ನಡೆಯುತ್ತದೆ. ಪ್ರದೇಶದ ಹೆಚ್ಚಿನ ಭಾಗದಲ್ಲಿ ವರ್ಷದ ಮಳೆಯು 300ರಿಂದ 450 ಮಿಲಿಮೀಟರುಗಳಷ್ಟು ಮಾತ್ರ. ಒಬ್ಬೊಬ್ಬ ಬೇಸಾಯಗಾರನ ಹಿಡುವಳಿಯು ಸಾವಿರಾರು ಹೆಕ್ಟೇರುಗಳಷ್ಟಿರುವುದು ಸಾಮಾನ್ಯ. (ಒಂದು ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ.) ಒಂದೊಂದು ಹೊಲವೇ ನೂರು ಇನ್ನೂರು ಹೆಕ್ಟೇರುಗಳಷ್ಟಿರುತ್ತದೆ. ಕೆಲಸಗಾರರು ವಿರಳವಾದ್ದರಿಂದ ಬಿತ್ತನೆ, ಗೊಬ್ಬರ, ಕೊಯ್ಲು, ಒಕ್ಕಣೆಗಳೆಲ್ಲವೂ ಯಂತ್ರಗಳಿಂದಲೇ ಆಗಬೇಕು.

ಅಲ್ಲಿನ ಮಣ್ಣು ಅತಿ ಪ್ರಾಚೀನವಾದದ್ದು. ಯುಗಯುಗಗಳ ಮಳೆಗೆ ಸಾರವು ತೊಳೆದುಹೋಗಿ ರಂಜಕ, ತಾಮ್ರ, ಸತು ಮುಂತಾದ ವಸ್ತುಗಳಲ್ಲಿ ಸ್ವಭಾವತಃ ಬಡವಾಗಿದೆ. ಇದಲ್ಲದೆ ಒಂದೇ ಹೊಲದೊಳಗೆ ಆಳವಾದ ಹಳದಿ ಮರಳು, ಜೇಡಿಯ ಮೇಲೆ ತೆಳುವಾಗಿ ಹರಡಿದ ಮರಳು, ಕಬ್ಬಿಣದ ಅಂಶವುಳ್ಳ ಗರಸು, ಗಟ್ಟಿಯಾದ ಕೆಂಪು ಜೇಡಿ, ಇವು ಒಂದರ ಪಕ್ಕದಲ್ಲಿ ಒಂದು ಕಾಣಬರುತ್ತವೆ. ಮೊದಲು ನೆಲೆಸಿದ ಒಕ್ಕಲಿಗರು ಕಾಡು ಕಡಿಯುವಾಗಲೇ ಮರಗಳನ್ನು ನೋಡಿ ಭೂಮಿಯ ಗುಣವನ್ನು ನಿಶ್ಚಯಿಸುತ್ತಿದ್ದರು. ಸಾಲ್ಮನ್ ಗಮ್ ಎಂಬ ಎತ್ತರದ ನೀಲಗಿರಿ ಜಾತಿಯ ಮರವಿದ್ದ ಕಡೆ ಭಾರಿ ಜೇಡಿ ಭೂಮಿಯೆಂದೂ, ವಾಜಿಲ್ ಎಂಬ ಜಾಲಿಯ ಕುರುಚಲು ಬೆಳೆದ ಕಡೆ ಹುಳಿಯಾದ ಬಡ ಮರಳೆಂದೂ ಅವರು ತಿಳಿದಿದ್ದರು. ಕಾಡು ಕಡಿದು, ಬೇಲಿ ಹಾಕಿ, ಇವೆಲ್ಲವನ್ನೂ ಒಂದೇ ಹೊಲವಾಗಿ ಮಾಡಿದ ಮೇಲೆ ಆ ಭೇದವು ಕಣ್ಣಿಗೆ ಮರೆಯಾಯಿತು. ಆದರೆ ಮಣ್ಣಿನಲ್ಲಿ ಹಾಗೆಯೇ ಉಳಿಯಿತು.

ವಿಚಾರವು ಹೊಸದಲ್ಲ

ಹೊಲದ ಒಂದೊಂದು ಭಾಗಕ್ಕೆ ಒಂದೊಂದು ಪ್ರಮಾಣವೆಂಬ ವಿಚಾರವು ಇಂದಿನದಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಲಿನ್ಸ್‌ಲಿ ಮತ್ತು ಬೌವರ್ ಎಂಬುವರು 1929ರಲ್ಲಿಯೇ ರೈತರಿಗಾಗಿ ಒಂದು ಪ್ರಕಟಣೆಯನ್ನು ಹೊರಡಿಸಿ, ಹೊಲದ ಹಲವು ಸ್ಥಳಗಳಿಂದ ಮಣ್ಣನ್ನು ತೆಗೆದು, ಹುಳಿಯನ್ನು ಪರೀಕ್ಷಿಸಿ, ಅದನ್ನು ನಕ್ಷೆಯಲ್ಲಿ ಗುರುತುಮಾಡಿ, ಹುಳಿಯಿರುವ ಕಡೆ ಅದಕ್ಕೆ ತಕ್ಕಷ್ಟು ಸುಣ್ಣವನ್ನು ಹಾಕಬೇಕೆಂದು ಬೋಧಿಸಿದರು. ಸಣ್ಣ ಹಿಡುವಳಿಯಲ್ಲಿ ಕೈಯಿಂದ ಎರಚುವ ರೈತನು ಇಂತಹ ಉಪದೇಶವನ್ನು ಸುಲಭವಾಗಿ ನಡೆಸಬಲ್ಲನು. ಆದರೆ ಯಂತ್ರಗಳು ದೊಡ್ಡವಾಗುತ್ತ ಬಂದಂತೆ ಒಂದೇ ದಿನದಲ್ಲಿ ನೂರಾರು ಎಕರೆಗಳನ್ನು ಬಿತ್ತುವ ಚಾಲಕನಿಗೆ ಮಾರು ಮಾರಿಗೂ ಪ್ರಮಾಣವನ್ನು ಬದಲಾಯಿಸುವುದು ಅಸಾಧ್ಯವಾಯಿತು. ಆದುದರಿಂದ ಸರಾಸರಿ ಪ್ರಮಾಣವೆಂಬುದು ರೂಢಿಗೆ ಬಂದಿತು.

ಈ ಅಡಚಣೆಯನ್ನು ನೀಗಿಸಿದ್ದು ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಸಂಕೇತದಿಂದ ಭೂಮಿಯ ಮೇಲಿನ ಸ್ಥಾನವನ್ನು ತಿಳಿಯುವ ಏರ್ಪಾಡು. ಅಮೆರಿಕದ ಸೈನ್ಯಕ್ಕಾಗಿ ನಿರ್ಮಿತವಾದ ಈ ಜಿ.ಪಿ.ಎಸ್. ಎಂಬ ವ್ಯವಸ್ಥೆಯು 1995ರಲ್ಲಿ ಸಂಪೂರ್ಣವಾಗಿ ಬಳಕೆಗೆ ಬಂದಿತು. ಸಾರ್ವಜನಿಕರಿಗೆ ದೊರೆಯುತ್ತಿದ್ದ ಸಂಕೇತದಲ್ಲಿ ಬುದ್ಧಿಪೂರ್ವಕವಾಗಿ ಬೆರೆಸುತ್ತಿದ್ದ ತಪ್ಪನ್ನು 2000ನೆಯ ಇಸವಿ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆ ರೈತರಿಗೂ ಅದು ಇನ್ನಷ್ಟು ಉಪಯುಕ್ತವಾಯಿತು. ಯಂತ್ರವು ಹೊಲದ ಯಾವ ಸ್ಥಳದಲ್ಲಿದೆಯೆಂಬುದು ಯಂತ್ರಕ್ಕೇ ತಿಳಿದ ಮೇಲೆ, ಅಲ್ಲಿಗೆ ಎಷ್ಟು ಗೊಬ್ಬರ ಬೇಕೆಂಬುದನ್ನು ಅದಕ್ಕೆ ಮೊದಲೇ ತಿಳಿಸಿಡುವುದು ಸಾಧ್ಯವಾಯಿತು.

ಬಡ ಭಾಗಕ್ಕೆ ಹೆಚ್ಚೋ ಕಡಿಮೆಯೋ?

ಯಂತ್ರವು ಹೇಳಿದಂತೆ ಕೇಳುತ್ತದೆ, ಆದರೆ ಹೇಳಬೇಕಾದದ್ದೇನು? ಈ ಕ್ರಮದ ತಿರುಳೆಲ್ಲ ಈ ಪ್ರಶ್ನೆಯಲ್ಲಿಯೇ ಇದೆ. ಪೈರು ಸೊರಗಿದ ಭಾಗವನ್ನು ಕಂಡ ಕೂಡಲೇ ಅಲ್ಲಿಗೆ ಇನ್ನಷ್ಟು ಗೊಬ್ಬರ ಹಾಕಿ ಉಳಿದ ಹೊಲಕ್ಕೆ ಸಮನಾಗಿ ಮಾಡಬೇಕೆಂದು ರೈತನ ಮನಸ್ಸಿಗೆ ತೋರುವುದು ಸಹಜ. ಹಸಿದವನಿಗೆ ಹೆಚ್ಚು ಬಡಿಸುವುದು ನ್ಯಾಯವೇ ಸರಿ. ಆದರೆ ಪೈರು ಸೊರಗಿರುವುದು ಹಸಿವಿನಿಂದಲೋ ಬಾಯಾರಿಕೆಯಿಂದಲೋ ಎಂಬುದನ್ನು ಮೊದಲು ತಿಳಿಯಬೇಕು.

ಪೈರಿಗೆ ಬೇಕಾದ ವಸ್ತುಗಳಲ್ಲಿ ಯಾವುದು ಅತಿ ಕಡಿಮೆಯಾಗಿರುವುದೋ ಅದೇ ಬೆಳೆಯ ಮಿತಿಯನ್ನು ನಿರ್ಣಯಿಸುತ್ತದೆಂಬ ನಿಯಮವನ್ನು ಜರ್ಮನಿಯ ರಸಾಯನಶಾಸ್ತ್ರಜ್ಞರಾದ ಸ್ಪ್ರೆಂಗೆಲ್ ಮತ್ತು ಲೀಬಿಗ್ ಎಂಬುವರು 19ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಪ್ರತಿಪಾದಿಸಿದರು. ಆಳವಾದ ದಪ್ಪ ಮರಳು ಒಂದು ಮೀಟರ್ ಆಳದಲ್ಲಿ ಪೈರಿಗೆ ದೊರೆಯುವ ನೀರನ್ನು ಸುಮಾರು 50, 60 ಮಿಲಿಮೀಟರುಗಳಷ್ಟು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಒಳ್ಳೆಯ ಗೋಡುಮಣ್ಣು ಅದರ ಎರಡರಷ್ಟಕ್ಕಿಂತಲೂ ಹೆಚ್ಚನ್ನು ಹಿಡಿಯಬಲ್ಲದು. ಮರಳಿನ ಪೈರು ನೀರಿಲ್ಲದೆ ಒಣಗುತ್ತಿರುವಾಗ ಅಲ್ಲಿಗೆ ಸಾರಜನಕವನ್ನು ಎಷ್ಟು ಸುರಿದರೂ ಕಾಳು ಹೆಚ್ಚುವುದಿಲ್ಲ. ಪೈರು ಹೀರದೆ ಬಿಟ್ಟ ಸಾರಜನಕವು ಚಳಿಗಾಲದ ಮಳೆಯೊಡನೆ ಬೇರಿಗೆ ಎಟುಕದ ಆಳಕ್ಕೆ ಇಳಿದುಹೋಗಿ ಅಂತರ್ಜಲವನ್ನು ಕೆಡಿಸುತ್ತದೆ; ಮಣ್ಣನ್ನು ಹುಳಿಯಾಗಿಯೂ ಮಾಡುತ್ತದೆ.

ಇದಕ್ಕಿಂತಲೂ ಕೆಟ್ಟ ಪರಿಣಾಮವೊಂದುಂಟು. ಗೊಬ್ಬರವು ಅತಿಯಾದಾಗ ಪೈರು ಮೊದಲಲ್ಲಿ ಸೊಂಪಾಗಿ ತೆಂಡೆಯೊಡೆದು, ಎಲೆ ಕಡ್ಡಿಗಳನ್ನು ಬೆಳೆಸಿಕೊಂಡು, ನೆಲದಲ್ಲಿದ್ದ ತೇವವನ್ನೆಲ್ಲ ಬೇಗನೆ ಹೀರಿಬಿಡುತ್ತದೆ. ಕಾಳು ತುಂಬುವ ಹೊತ್ತಿಗೆ ಮಳೆಯು ಕೈಕೊಟ್ಟರೆ ತೆನೆಯು ಅಕಾಲದಲ್ಲಿ ಬೆಳ್ಳಗಾಗಿ, ಕಾಳು ಸುಕ್ಕಿ ಜೊಳ್ಳಾಗುತ್ತದೆ. ಪೈರು ಹುಲ್ಲಾಗಿಹೋಯಿತೆಂದು ಆಸ್ಟ್ರೇಲಿಯದ ರೈತರು ಇದನ್ನು ಹೇಳುವರು. ಹೀಗೆ ಗೊಬ್ಬರ ಹಾಕಿದ ಹೊಲದಲ್ಲಿಯೇ ಹಾಕದ ಹೊಲಕ್ಕಿಂತ ಕಡಿಮೆ ಕಾಳು ಬಂದ ಸಂದರ್ಭಗಳುಂಟು.

ಇದಕ್ಕೆ ವಿರುದ್ಧವಾದ ಸಂದರ್ಭವೂ ಇದೆ. ಕಬ್ಬಿಣದ ಗರಸುಳ್ಳ ಕೆಲವು ಭೂಮಿಗಳು ಹಾಕಿದ ರಂಜಕವನ್ನು ತಮ್ಮಲ್ಲಿಯೇ ಬಿಗಿಯಾಗಿ ಹಿಡಿದುಕೊಂಡು ಪೈರಿಗೆ ಬಿಟ್ಟುಕೊಡುವುದಿಲ್ಲ. ಅಲ್ಲಿ ನೀರಿಗೆ ಕೊರತೆಯಿಲ್ಲದೆ ರಂಜಕವೇ ಮಿತಿಯಾಗಿದ್ದರೆ ಉಳಿದ ಹೊಲಕ್ಕಿಂತ ಹೆಚ್ಚು ರಂಜಕವನ್ನು ಕೊಟ್ಟರೆ ಮಾತ್ರ ಬೆಳೆಯು ಬರುವುದು. ಮತ್ತೆ ಕೆಲವೆಡೆ ಕೆಳಮಣ್ಣು ಹುಳಿಯಾಗಿ, ಅದರಲ್ಲಿ ಕರಗಿದ ಅಲ್ಯೂಮಿನಿಯಂ ಬೇರುಗಳನ್ನು ಸುಟ್ಟು ಮೊಟಕುಮಾಡುತ್ತದೆ. ಬೇರು ಕೆಳಗಿಳಿಯದಿದ್ದರೆ ಆಳದಲ್ಲಿರುವ ನೀರೂ ಸಾರವೂ ಇದ್ದೂ ಇಲ್ಲದಂತೆಯೇ. ಅಲ್ಲಿಗೆ ಬೇಕಾದದ್ದು ಸುಣ್ಣವೇ ಹೊರತು ಹೆಚ್ಚಿನ ಯೂರಿಯವಲ್ಲ. ಭಾರವಾದ ಯಂತ್ರಗಳ ತುಳಿತದಿಂದ ಕೆಳಪದರವು ಗಟ್ಟಿಯಾಗಿದ್ದರೆ ಅದನ್ನು ಆಳವಾಗಿ ಸೀಳಬೇಕು.

ಆದುದರಿಂದ ಬಡ ಭಾಗಕ್ಕೆ ಹೆಚ್ಚು ಹಾಕಬೇಕೆಂಬ ನಿಯಮವೂ ಇಲ್ಲ, ಕಡಿಮೆ ಹಾಕಬೇಕೆಂಬ ನಿಯಮವೂ ಇಲ್ಲ. ಬಡತನದ ಕಾರಣವು ಗೊಬ್ಬರದಿಂದ ನೀಗತಕ್ಕದ್ದಾದರೆ ಹೆಚ್ಚಿಸಬೇಕು; ಬೇರೆ ಉಪಾಯದಿಂದ ನೀಗತಕ್ಕದ್ದಾದರೆ ಮೊದಲು ಆ ಉಪಾಯವನ್ನು ಮಾಡಬೇಕು; ನೀಗದ ಕಾರಣವಾದರೆ ಗೊಬ್ಬರವನ್ನು ತಗ್ಗಿಸಿ, ಉಳಿದದ್ದನ್ನು ಅದಕ್ಕೆ ಪ್ರತಿಫಲ ಕೊಡಬಲ್ಲ ಭೂಮಿಗೆ ಹಾಕಬೇಕು. ಈ ಮೂರು ಮಾತುಗಳೇ ಈ ಕ್ರಮದ ಆಧಾರ.

ಭೇದಗಳನ್ನು ತಿಳಿಯುವ ಬಗೆ

ಮೊದಲನೆಯದಾಗಿ ಇಳುವರಿಯ ನಕ್ಷೆ. 1990ರ ದಶಕದ ಆರಂಭದಿಂದ ಕೊಯ್ದು ಒಕ್ಕುವ ಯಂತ್ರಗಳಲ್ಲಿ ಕಾಳಿನ ಹರಿವನ್ನು ಅಳೆಯುವ ಉಪಕರಣಗಳು ಮಾರಾಟಕ್ಕೆ ಬಂದವು. ಇಂತಹ ಉಪಕರಣಗಳಲ್ಲಿ ಸಾಮಾನ್ಯವಾದ ಒಂದು ಬಗೆಯಲ್ಲಿ, ಒಕ್ಕಿದ ಕಾಳು ಮೇಲಕ್ಕೆ ಸಾಗಿ ಒಂದು ತಗಡಿಗೆ ಬಡಿಯುವ ಬಲದಿಂದ ಕಾಳಿನ ತೂಕವನ್ನು ಯಂತ್ರವು ಲೆಕ್ಕಮಾಡಿ, ಆಯಾ ಸ್ಥಾನದೊಡನೆ ಬರೆದಿಟ್ಟುಕೊಳ್ಳುತ್ತದೆ. ಪೈರನ್ನು ಕೊಯ್ದ ಸ್ಥಳಕ್ಕೂ ಕಾಳು ತಗಡಿಗೆ ತಲುಪುವ ಹೊತ್ತಿಗೆ ಯಂತ್ರವಿರುವ ಸ್ಥಳಕ್ಕೂ ವ್ಯತ್ಯಾಸವಿರುವುದರಿಂದ ಅದನ್ನು ಸರಿಪಡಿಸಬೇಕು. ಗಾಡಿಯಲ್ಲಿ ತೂಗಿದ ನಿಜವಾದ ತೂಕಕ್ಕೆ ಯಂತ್ರದ ಲೆಕ್ಕವನ್ನು ಆಗಾಗ್ಗೆ ಹೊಂದಿಸಬೇಕು. ಹೀಗೆ ಮಾಡಿದರೆ ಸುಗ್ಗಿಯ ಕೊನೆಗೆ ಹೊಲದ ಯಾವ ಮೂಲೆಯಲ್ಲಿ ಎಷ್ಟು ಬೆಳೆಯಿತೆಂಬ ಚಿತ್ರವು ದೊರೆಯುತ್ತದೆ.

ಆದರೆ ಒಂದೇ ವರ್ಷದ ನಕ್ಷೆಯನ್ನು ನಂಬಿ ಕೆಲಸಮಾಡಿದರೆ ಮೋಸಹೋಗುವುದುಂಟು. ಮಳೆ ಚೆನ್ನಾಗಿ ಬಂದ ವರ್ಷದಲ್ಲಿ ಜೇಡಿ ಭೂಮಿಯು ಮರಳನ್ನು ಮೀರಿಸುತ್ತದೆ. ಮಳೆ ಕಡಿಮೆಯಾದ ವರ್ಷದಲ್ಲಿ ಸಣ್ಣ ಸಣ್ಣ ಹನಿಗಳು ಜೇಡಿಯ ಮೇಲ್ಪದರದಲ್ಲಿಯೇ ನಿಂತು ಆರಿಹೋಗುವುದರಿಂದಲೂ, ಜೇಡಿಯು ತೇವವನ್ನು ಬಿಗಿಯಾಗಿ ಹಿಡಿಯುವುದರಿಂದಲೂ, ಅದೇ ಭಾಗವು ಮರಳಿಗಿಂತ ಹಿಂದೆ ಬೀಳಬಹುದು. ಆದುದರಿಂದ ಮೂರು ನಾಲ್ಕು ವರ್ಷಗಳ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡಿ, ಯಾವಾಗಲೂ ಒಳ್ಳೆಯದು, ಯಾವಾಗಲೂ ಬಡವಾದದ್ದು, ವರ್ಷಕ್ಕೊಂದು ಬಗೆಯಾಗುವುದು ಎಂದು ಹೊಲವನ್ನು ವಿಂಗಡಿಸುತ್ತಾರೆ.

ಎರಡನೆಯದಾಗಿ ಮಣ್ಣಿನ ನಕ್ಷೆ. ಮಣ್ಣಿನಲ್ಲಿ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುವುದೆಂಬುದನ್ನು ನೆಲವನ್ನು ಅಗೆಯದೆಯೇ ಅಳೆಯುವ ಉಪಕರಣವನ್ನು ವಾಹನದ ಹಿಂದೆ ಎಳೆದುಕೊಂಡು ಹೋಗುತ್ತಾರೆ. ಜೇಡಿ, ತೇವ, ಉಪ್ಪು ಇವು ಹೆಚ್ಚಿರುವ ಕಡೆ ಅಳತೆಯು ಹೆಚ್ಚುವುದು. ಒಣ ಮರಳಿನಲ್ಲಿ ಕಡಿಮೆಯಾಗುವುದು. ಮಣ್ಣಿನಿಂದ ಸ್ವಾಭಾವಿಕವಾಗಿ ಹೊರಡುವ ಗಾಮಾ ಕಿರಣಗಳನ್ನು ಅಳೆಯುವ ಮತ್ತೊಂದು ಉಪಕರಣವು ಮೇಲಿನ ಪದರದ ಮರಳು, ಗರಸುಗಳನ್ನು ಬೇರ್ಪಡಿಸಿ ತೋರಿಸುತ್ತದೆ. ಮರಳೂ ಗರಸೂ ಒಂದಕ್ಕೊಂದು ಸೇರಿರುವ ಪಶ್ಚಿಮ ಆಸ್ಟ್ರೇಲಿಯದಲ್ಲಿ ಇವೆರಡನ್ನೂ ಕೂಡಿಸಿ ಉಪಯೋಗಿಸುವುದು ವಿಶೇಷ ಪ್ರಯೋಜನಕಾರಿ.

ಮೂರನೆಯದಾಗಿ ಉಪಗ್ರಹದ ಚಿತ್ರಗಳು. ಹಸುರಾದ ಎಲೆಯು ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಈ ಎರಡರ ಅಂತರದಿಂದ ಪೈರಿನ ಪುಷ್ಟಿಯನ್ನು ಅಂದಾಜುಮಾಡಬಹುದು. 1972ರಿಂದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳೂ, 2015ರಿಂದ ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳೂ ಇಂತಹ ಚಿತ್ರಗಳನ್ನು ತೆಗೆಯುತ್ತ ಬಂದಿವೆ. ಇವು ಈಗ ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ.

ಆದರೆ ಈ ಚಿತ್ರಗಳೆಲ್ಲ ಭೇದವಿದೆಯೆಂದು ಹೇಳುವುವೇ ಹೊರತು ಕಾರಣವನ್ನು ಹೇಳಲಾರವು. ಕಾರಣವನ್ನು ತಿಳಿಯುವುದಕ್ಕೆ ಆಯಾ ಭಾಗದಲ್ಲಿ ಗುಂಡಿ ತೋಡಿ, ಬೇರು ಎಲ್ಲಿಯವರೆಗೆ ಇಳಿದಿದೆಯೆಂದು ನೋಡಿ, ಮೇಲ್ಮಣ್ಣನ್ನೂ ಕೆಳಮಣ್ಣನ್ನೂ ಬೇರೆ ಬೇರೆಯಾಗಿ ಪರೀಕ್ಷೆಗೆ ಕಳುಹಿಸಲೇಬೇಕು. ಹಲವು ವರ್ಷ ಆ ಹೊಲವನ್ನು ಉತ್ತ ರೈತನ ಅನುಭವವೂ ಇಲ್ಲಿ ಬಹು ಬೆಲೆಯುಳ್ಳದ್ದು. ನಕ್ಷೆಯಲ್ಲಿ ಕಾಣುವ ಗೆರೆಯೊಂದು ಮಣ್ಣಿನ ಭೇದವೋ, ಹಿಂದೆ ಕುರಿದೊಡ್ಡಿಯಿದ್ದ ಜಾಗವೋ, ಕಿತ್ತುಹಾಕಿದ ಹಳೆಯ ಬೇಲಿಯೋ ಎಂಬುದನ್ನು ಅವನಲ್ಲದೆ ಬೇರಾರೂ ಹೇಳಲಾರರು.

ಪ್ರಮಾಣದ ಲೆಕ್ಕ

ಭಾಗಗಳನ್ನು ಗುರುತಿಸಿದ ಮೇಲೆ ಒಂದೊಂದರಲ್ಲಿಯೂ ಎಷ್ಟು ಬೆಳೆ ಬರಬಹುದೆಂಬುದನ್ನು ಅಂದಾಜುಮಾಡಬೇಕು. ದಕ್ಷಿಣ ಆಸ್ಟ್ರೇಲಿಯದ ಫ್ರೆಂಚ್ ಮತ್ತು ಷುಲ್ಟ್ಸ್ ಎಂಬ ವಿಜ್ಞಾನಿಗಳು 1984ರಲ್ಲಿ ಪ್ರಕಟಿಸಿದ ಸೂತ್ರವು ಇದಕ್ಕೆ ಸಹಾಯಕವಾಗಿದೆ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಬಿದ್ದ ಮಳೆಯಲ್ಲಿ ನೆಲದಿಂದ ಆರಿಹೋಗುವ ಪಾಲೆಂದು 110 ಮಿಲಿಮೀಟರನ್ನು ಕಳೆದು, ಉಳಿದ ಪ್ರತಿ ಮಿಲಿಮೀಟರಿಗೂ ಹೆಕ್ಟೇರಿಗೆ 20 ಕಿಲೋಗ್ರಾಂ ಗೋಧಿಯೆಂದು ಎಣಿಸಿದರೆ ಅತ್ಯುತ್ತಮ ಬೇಸಾಯದಿಂದ ದೊರೆಯಬಹುದಾದ ಇಳುವರಿಯು ಬರುತ್ತದೆ. 250 ಮಿಲಿಮೀಟರ್ ಮಳೆಯಾದರೆ 140ನ್ನು 20ರಿಂದ ಗುಣಿಸಿ ಹೆಕ್ಟೇರಿಗೆ 2,800 ಕಿಲೋಗ್ರಾಂ ಎಂದಾಗುವುದು. ಇದು ಮೇಲ್ಮಿತಿ, ನೀರು ನಿಲ್ಲದ ಮರಳಿನಲ್ಲಿ ಇಷ್ಟನ್ನು ನಿರೀಕ್ಷಿಸಲಾಗದು.

ಮುಂದೆ ಸಾರಜನಕದ ಲೆಕ್ಕ. ನೂರಕ್ಕೆ 11.4ರಷ್ಟು ಸಸಾರಜನಕವುಳ್ಳ ಒಂದು ಟನ್ ಗೋಧಿಯಲ್ಲಿ 20 ಕಿಲೋಗ್ರಾಂ ಸಾರಜನಕವಿರುತ್ತದೆ. ಪೈರಿಗೆ ದೊರೆಯುವ ಸಾರಜನಕದಲ್ಲಿ ಸುಮಾರು ಅರ್ಧ ಮಾತ್ರ ಕಾಳಿಗೆ ಸೇರುವುದರಿಂದ ಟನ್ನಿಗೆ 40 ಕಿಲೋಗ್ರಾಂ ಬೇಕೆಂದು ಆ ದೇಶದಲ್ಲಿ ಎಣಿಸುವುದು ರೂಢಿ. ಇದರಲ್ಲಿ ಮಣ್ಣಿನಿಂದಲೇ ದೊರೆಯುವಷ್ಟನ್ನು ಕಳೆದು ಉಳಿದದ್ದನ್ನು ಗೊಬ್ಬರದಿಂದ ಒದಗಿಸಬೇಕು.

ಇದನ್ನು ಒಂದು ಕಲ್ಪಿತ ಹೊಲದ ಉದಾಹರಣೆಯಿಂದ ತಿಳಿಯಬಹುದು. ಹೊಲದ ವಿಸ್ತೀರ್ಣ 100 ಹೆಕ್ಟೇರುಗಳೆಂದಿಟ್ಟುಕೊಳ್ಳೋಣ. ಅದರಲ್ಲಿ 40 ಹೆಕ್ಟೇರ್ ಉತ್ತಮ ಭೂಮಿ; ಹೆಕ್ಟೇರಿಗೆ 3 ಟನ್ ಬೆಳೆ ಸಾಧ್ಯ. 35 ಹೆಕ್ಟೇರ್ ಮಧ್ಯಮ. 2 ಟನ್ ಸಾಧ್ಯ. 25 ಹೆಕ್ಟೇರ್ ಆಳವಾದ ಮರಳು. 1 ಟನ್ನಿಗಿಂತ ಹೆಚ್ಚು ಬಾರದು. ಕ್ರಮವಾಗಿ ಹೆಕ್ಟೇರಿಗೆ 120, 80, 40 ಕಿಲೋಗ್ರಾಂ ಸಾರಜನಕ ಬೇಕು. ಮಣ್ಣೇ 60, 40, 30 ಕಿಲೋಗ್ರಾಂ ಕೊಡುವುದಾದರೆ ಗೊಬ್ಬರದಿಂದ ಕೊಡಬೇಕಾದದ್ದು 60, 40, 10 ಕಿಲೋಗ್ರಾಂ. ಯೂರಿಯದಲ್ಲಿ ನೂರಕ್ಕೆ 46ರಷ್ಟು ಸಾರಜನಕವಿರುವುದರಿಂದ ಇವು ಸುಮಾರು 130, 87, 22 ಕಿಲೋಗ್ರಾಂ ಯೂರಿಯಕ್ಕೆ ಸಮ. ಒಟ್ಟು ಹೊಲಕ್ಕೆ ಬೇಕಾದ ಸಾರಜನಕವು 2,400, 1,400, 250 ಸೇರಿ 4,050 ಕಿಲೋಗ್ರಾಂ.

ಇದೇ ಹೊಲಕ್ಕೆಲ್ಲ ಸಮನಾಗಿ ಹೆಕ್ಟೇರಿಗೆ 40 ಕಿಲೋಗ್ರಾಂ ಹಾಕಿದ್ದರೆ ಆಗುತ್ತಿದ್ದ ವೆಚ್ಚ 4,000 ಕಿಲೋಗ್ರಾಂ. ಅಂದರೆ ಗೊಬ್ಬರದ ಒಟ್ಟು ಮೊತ್ತದಲ್ಲಿ ಉಳಿತಾಯವೇ ಇಲ್ಲ. ಆದರೆ ಸಮನಾಗಿ ಹಾಕಿದಾಗ ಮರಳಿನ 25 ಹೆಕ್ಟೇರಿನಲ್ಲಿ ತಲಾ 30ರಂತೆ 750 ಕಿಲೋಗ್ರಾಂ ವ್ಯರ್ಥವಾಗುವುದು. ಉತ್ತಮ ಭೂಮಿಯ 40 ಹೆಕ್ಟೇರಿನಲ್ಲಿ ತಲಾ 20ರಂತೆ 800 ಕಿಲೋಗ್ರಾಂ ಕೊರತೆಯಾಗುವುದು. ಟನ್ನಿಗೆ 40ರ ಲೆಕ್ಕದಂತೆ ಈ ಕೊರತೆಯು ಹೆಚ್ಚೆಂದರೆ 20 ಟನ್ ಗೋಧಿಗೆ ಸಮ. ಈ ಕ್ರಮದ ಲಾಭವು ಗೊಬ್ಬರವನ್ನು ಕಡಿಮೆ ಕೊಳ್ಳುವುದರಲ್ಲಿ ಮಾತ್ರವಲ್ಲ, ಕೊಂಡದ್ದನ್ನು ಸ್ಥಳಾಂತರಿಸುವುದರಲ್ಲಿಯೂ ಇದೆಯೆಂಬುದು ಇದರಿಂದ ಸ್ಪಷ್ಟವಾಗುವುದು.

ರಂಜಕದ ಲೆಕ್ಕವು ಹಲವು ವರ್ಷಗಳಿಗೆ ಸಂಬಂಧಪಟ್ಟದ್ದು. ಒಂದು ಟನ್ ಗೋಧಿಯು ಹೊಲದಿಂದ ಸುಮಾರು 3 ಕಿಲೋಗ್ರಾಂ ರಂಜಕವನ್ನು ಹೊತ್ತುಕೊಂಡು ಹೋಗುತ್ತದೆ. ಎಲ್ಲ ಕಡೆಗೂ ವರ್ಷಕ್ಕೆ 6 ಕಿಲೋಗ್ರಾಂ ಹಾಕಿದರೆ 3 ಟನ್ ಬೆಳೆಯುವ ಭಾಗವು ವರ್ಷಕ್ಕೆ 3 ಕಿಲೋಗ್ರಾಂ ಕಳೆದುಕೊಳ್ಳುತ್ತದೆ. 1 ಟನ್ ಬೆಳೆಯುವ ಭಾಗದಲ್ಲಿ ಅಷ್ಟೇ ಹೆಚ್ಚಾಗಿ ಸೇರುತ್ತದೆ. ಹತ್ತು ವರ್ಷಗಳಲ್ಲಿ ಇವುಗಳ ಅಂತರವು 60 ಕಿಲೋಗ್ರಾಂ ಆಗುವುದು. ಒಳ್ಳೆಯ ಭೂಮಿಯು ತಾನು ಕೊಟ್ಟ ಫಸಲಿನಿಂದಲೇ ಬಡವಾಗುತ್ತ ಹೋಗುವುದು ಹೀಗೆ.

ಹೊಲದಲ್ಲಿ ನಡೆಯುವ ಕೆಲಸ

ಮೇಲಿನ ಲೆಕ್ಕವನ್ನು ನಕ್ಷೆಯಾಗಿ ಬರೆದು ಟ್ರ್ಯಾಕ್ಟರಿನ ಗಣಕಯಂತ್ರಕ್ಕೆ ಒದಗಿಸುತ್ತಾರೆ. ಬಿತ್ತುವ ಯಂತ್ರದಲ್ಲಿ ಬೀಜಕ್ಕೂ ಗೊಬ್ಬರಕ್ಕೂ ಬೇರೆ ಬೇರೆ ಪೆಟ್ಟಿಗೆಗಳಿರುತ್ತವೆ. ಪೆಟ್ಟಿಗೆಯ ತಳದಲ್ಲಿರುವ ಉರುಳೆಯು ವೇಗವಾಗಿ ತಿರುಗಿದರೆ ಗೊಬ್ಬರವು ಹೆಚ್ಚಾಗಿಯೂ, ನಿಧಾನವಾಗಿ ತಿರುಗಿದರೆ ಕಡಿಮೆಯಾಗಿಯೂ ಬೀಳುತ್ತದೆ. ಯಂತ್ರವು ಒಂದು ಭಾಗದಿಂದ ಮತ್ತೊಂದಕ್ಕೆ ದಾಟಿದ ಕೂಡಲೇ ಉರುಳೆಯ ವೇಗವು ತಾನಾಗಿಯೇ ಬದಲಾಗುತ್ತದೆ. ರಂಜಕವನ್ನು ಬಿತ್ತನೆಯೊಡನೆಯೇ ಹಾಕಬೇಕು. ಸಾರಜನಕವನ್ನಾದರೋ ಬಿತ್ತುವಾಗ ಸ್ವಲ್ಪ ಕೊಟ್ಟು, ಪೈರು ತೆಂಡೆಯೊಡೆದು ಕಡ್ಡಿ ನೀಳುವ ಕಾಲದಲ್ಲಿ ಮಳೆಯನ್ನು ನೋಡಿಕೊಂಡು ಉಳಿದದ್ದನ್ನು ಕೊಡುವುದು ಜಾಣತನ. ಮಳೆಯಿಲ್ಲದಿದ್ದರೆ ಎರಡನೆಯ ಕಂತನ್ನು ನಿಲ್ಲಿಸಿ ಹಣವನ್ನು ಉಳಿಸಬಹುದು.

ಎರಡನೆಯ ಕಂತು ಬೇಕೋ ಬೇಡವೋ ಎಂಬುದನ್ನು ತಿಳಿಯಲು ಅಮೆರಿಕದ ಒಕ್ಲಹೋಮ ರಾಜ್ಯ ವಿಶ್ವವಿದ್ಯಾಲಯದವರು ಪ್ರಚಾರಕ್ಕೆ ತಂದ ಸುಲಭೋಪಾಯವೊಂದುಂಟು. ಹೊಲದಲ್ಲಿ ಒಂದು ಪಟ್ಟೆಗೆ ಮಾತ್ರ ಮೊದಲೇ ಯಥೇಚ್ಛವಾಗಿ ಸಾರಜನಕವನ್ನು ಕೊಟ್ಟುಬಿಡುವರು. ನಡುಗಾಲದಲ್ಲಿ ಆ ಪಟ್ಟೆಯು ಪಕ್ಕದ ಪೈರಿಗಿಂತ ಹಸುರಾಗಿ ಕಂಡರೆ ಹೊಲಕ್ಕೆ ಸಾರಜನಕದ ಅಗತ್ಯವುಂಟು. ವ್ಯತ್ಯಾಸವೇ ಕಾಣದಿದ್ದರೆ ಇನ್ನೂ ಹಾಕುವುದರಿಂದ ಪ್ರಯೋಜನವಿಲ್ಲ.

ಲಾಭವೂ ಮಿತಿಗಳೂ

ಆಸ್ಟ್ರೇಲಿಯದ ಧಾನ್ಯ ಬೆಳೆಗಾರರಲ್ಲಿ ಆರು ಮಂದಿಯ ಹಿಡುವಳಿಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಗೊಬ್ಬರದ ಪ್ರಮಾಣವನ್ನು ಬದಲಾಯಿಸಿದ್ದರಿಂದ ವರ್ಷಕ್ಕೆ ಹೆಕ್ಟೇರಿಗೆ 1ರಿಂದ 22 ಆಸ್ಟ್ರೇಲಿಯನ್ ಡಾಲರುಗಳವರೆಗೆ ಲಾಭವಾದುದು ಕಂಡುಬಂದಿತು. ಸಾವಿರಾರು ಹೆಕ್ಟೇರುಗಳಿಗೆ ಹಂಚಿದಾಗ 22 ಡಾಲರ್ ಎಂಬುದು ದೊಡ್ಡ ಮೊತ್ತ. 1 ಡಾಲರ್ ಎಂಬುದು ಶ್ರಮಕ್ಕೂ ಸಾಲದು. ಭೂಮಿಯ ಭೇದವು ಎಷ್ಟು ಹೆಚ್ಚೋ ಲಾಭವೂ ಅಷ್ಟು ಹೆಚ್ಚು. ಆ ವರ್ಷಗಳ ಸಮೀಕ್ಷೆಗಳ ಪ್ರಕಾರ ಈ ಕ್ರಮವನ್ನು ಯಾವುದಾದರೊಂದು ರೂಪದಲ್ಲಿ ಅನುಸರಿಸುತ್ತಿದ್ದವರು ಧಾನ್ಯ ಬೆಳೆಗಾರರಲ್ಲಿ ನೂರಕ್ಕೆ 20 ಮಂದಿ. ಅದಕ್ಕೆ ಆರು ವರ್ಷಗಳ ಹಿಂದೆ ನೂರಕ್ಕೆ 5ಕ್ಕಿಂತ ಕಡಿಮೆಯಿದ್ದರು.

ಎಲ್ಲರೂ ಏಕೆ ಅನುಸರಿಸಲಿಲ್ಲವೆಂಬುದಕ್ಕೆ ಒಂದು ಕಾರಣವನ್ನು ಪಶ್ಚಿಮ ಆಸ್ಟ್ರೇಲಿಯದ ಅರ್ಥಶಾಸ್ತ್ರಜ್ಞರಾದ ಡೇವಿಡ್ ಪ್ಯಾನೆಲ್ ಅವರು 2006ರ ಲೇಖನದಲ್ಲಿ ವಿವರಿಸಿದ್ದಾರೆ. ಗೊಬ್ಬರವು ಯುಕ್ತ ಪ್ರಮಾಣಕ್ಕೆ ಸಮೀಪಿಸಿದಾಗ ಕೊನೆಯ ಕಿಲೋಗ್ರಾಂ ತನ್ನ ಬೆಲೆಯಷ್ಟನ್ನೇ ಮರಳಿ ಕೊಡುತ್ತದೆ. ಆದುದರಿಂದ ಆ ಪ್ರಮಾಣಕ್ಕಿಂತ ಅಲ್ಪಸ್ವಲ್ಪ ಹೆಚ್ಚು ಕಡಿಮೆಯಾದರೂ ಲಾಭದಲ್ಲಿ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಮೇಲಿನ ಉದಾಹರಣೆಯ 20 ಟನ್ನುಗಳನ್ನು ಮೇಲ್ಮಿತಿಯೆಂದು ಹೇಳಿದ್ದೂ ಇದೇ ಕಾರಣದಿಂದ. ಹೊಲದ ಭಾಗಗಳಿಗೆ ಬೇಕಾದ ಪ್ರಮಾಣಗಳಲ್ಲಿ ಐದಾರು ಕಿಲೋಗ್ರಾಂ ವ್ಯತ್ಯಾಸ ಮಾತ್ರವಿದ್ದರೆ ಯಂತ್ರ, ನಕ್ಷೆ, ಪರೀಕ್ಷೆಗಳ ವೆಚ್ಚವು ಮರಳಿ ಬಾರದು. ಹೊಲವನ್ನು ಹತ್ತು ಹನ್ನೆರಡು ಚೂರುಗಳಾಗಿ ಒಡೆಯುವುದರಿಂದಲೂ ಪ್ರಯೋಜನವಿಲ್ಲ. ಎರಡು ಮೂರು ಭಾಗಗಳೇ ಸಾಕಾಗುತ್ತವೆ.

ಲೆಕ್ಕವು ಸರಿಯೋ ತಪ್ಪೋ ಎಂಬುದನ್ನು ಹೊಲವೇ ಹೇಳಬೇಕು. ಆದುದರಿಂದ ವಿವೇಕಿಗಳಾದ ಬೇಸಾಯಗಾರರು ಎಲ್ಲ ಭಾಗಗಳನ್ನೂ ಹಾಯ್ದುಹೋಗುವಂತೆ ಒಂದು ಪಟ್ಟೆಗೆ ಗೊಬ್ಬರವನ್ನೇ ಹಾಕದೆ, ಮತ್ತೊಂದಕ್ಕೆ ಎರಡರಷ್ಟು ಹಾಕಿ, ಸುಗ್ಗಿಯಲ್ಲಿ ಇವುಗಳ ಇಳುವರಿಯನ್ನು ಹೋಲಿಸಿ ನೋಡುತ್ತಾರೆ.

ಕರ್ನಾಟಕದ ಭೂಮಾಲೀಕರು ಗಮನಿಸತಕ್ಕ ವಿಷಯಗಳು

ಕರ್ನಾಟಕದಲ್ಲಿ ಸರಾಸರಿ ಹಿಡುವಳಿಯು ಒಂದೂವರೆ ಹೆಕ್ಟೇರಿಗಿಂತಲೂ ಕಡಿಮೆಯಾಗಿರುವುದರಿಂದ ಮೇಲೆ ಹೇಳಿದ ಯಂತ್ರಗಳನ್ನು ಇಲ್ಲಿ ಕೊಳ್ಳಬೇಕೆಂದು ಹೇಳುವುದು ಸಲ್ಲದು. ಆದರೆ ತತ್ತ್ವವು ಇಲ್ಲಿಗೂ ಅನ್ವಯಿಸುತ್ತದೆ. ವಿಜಯಪುರ, ಬಾಗಲಕೋಟೆ, ಧಾರವಾಡ, ಗದಗ ಜಿಲ್ಲೆಗಳ ಎರೆಭೂಮಿಯಲ್ಲಿ ಹಿಂಗಾರಿನ ಗೋಧಿ ಮತ್ತು ಜೋಳಗಳು ಬಹುಮಟ್ಟಿಗೆ ನೆಲದಲ್ಲಿ ನಿಂತ ತೇವದಿಂದಲೇ ಬೆಳೆಯುತ್ತವೆ. ಅಲ್ಲಿಯೂ ತಗ್ಗಿನಲ್ಲಿ ಎರೆಯು ಆಳವಾಗಿ, ಏರಿನಲ್ಲಿ ತೆಳುವಾಗಿರುವುದು ಸಾಮಾನ್ಯ. ಪಶ್ಚಿಮ ಆಸ್ಟ್ರೇಲಿಯದ ಮರಳಿಗೆ ಹೇಳಿದ ಮಾತು ಇಲ್ಲಿನ ತೆಳು ಎರೆಗೂ ಸಲ್ಲುವುದು.

ಕರ್ನಾಟಕ ಸರ್ಕಾರವು ಇಕ್ರಿಸ್ಯಾಟ್ ಸಂಸ್ಥೆಯ ಸಹಾಯದೊಡನೆ 2009ರಲ್ಲಿ ಆರಂಭಿಸಿದ ಭೂಚೇತನ ಕಾರ್ಯಕ್ರಮದಲ್ಲಿ ರೈತರ ಹೊಲಗಳ ಮಣ್ಣನ್ನು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನ್ ಇವುಗಳ ಕೊರತೆಯು ವ್ಯಾಪಕವಾಗಿರುವುದು ತಿಳಿದುಬಂದಿತು. ಇವುಗಳ ಕೊರತೆಯಿರುವ ಕಡೆ ಯೂರಿಯವನ್ನು ಮಾತ್ರ ಹೆಚ್ಚಿಸುತ್ತ ಹೋದರೆ ಫಲವಿಲ್ಲವೆಂಬುದು ಮೇಲೆ ಹೇಳಿದ ನಿಯಮದಿಂದಲೇ ಸಿದ್ಧವಾಗುತ್ತದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ಮಳೆಯಾಧಾರದ ಭೂಮಿಗೆ 10 ಹೆಕ್ಟೇರಿಗೊಂದು, ನೀರಾವರಿಗೆ 2.5 ಹೆಕ್ಟೇರಿಗೊಂದು ಮಾದರಿಯಂತೆ ಮಣ್ಣನ್ನು ತೆಗೆಯಬೇಕೆಂದು ನಿಗದಿಯಾಯಿತು. ಹೀಗೆ ತೆಗೆದ ಮಾದರಿಯು ಸುತ್ತಲಿನ ಹಲವು ಹಿಡುವಳಿಗಳ ಸಾಮಾನ್ಯ ಗುಣವನ್ನು ತಿಳಿಸುವುದೇ ಹೊರತು, ಒಂದು ಹೊಲದ ದಿಣ್ಣೆಗೂ ತಗ್ಗಿಗೂ ಇರುವ ಭೇದವನ್ನು ತಿಳಿಸಲಾರದು. ಆ ಭೇದವನ್ನು ಹೊಲದ ಒಡೆಯನೇ ಗುರುತಿಸಿಕೊಳ್ಳಬೇಕು.

ಇದಕ್ಕಾಗಿ ಅನುಸರಿಸಬಹುದಾದ ಕ್ರಮವು ಹೀಗಿದೆ:

1. ಕೊಯ್ಲಿಗೆ ಮೊದಲು ಹೊಲವನ್ನು ಸುತ್ತಿನೋಡಿ, ಪೈರಿನ ಭೇದವನ್ನು ಒಂದು ಕಾಗದದಲ್ಲಿ ಗುರುತುಮಾಡಿ, ಹೊಲವನ್ನು ಎರಡು ಅಥವಾ ಮೂರು ಭಾಗಗಳಾಗಿ ವಿಂಗಡಿಸಬೇಕು. ಹೀಗೆ ಎರಡು ಮೂರು ವರ್ಷಗಳ ಗುರುತುಗಳನ್ನು ಹೋಲಿಸಬೇಕು.

2. ಒಂದೊಂದು ಭಾಗದ ಫಸಲನ್ನೂ ಬೇರೆಯಾಗಿ ಒಕ್ಕಿ ಅಳೆಯಬೇಕು. ಎಲ್ಲವನ್ನೂ ಒಂದೇ ರಾಶಿಗೆ ಸೇರಿಸಿದರೆ ಯಾವ ಭಾಗವು ಕೊಟ್ಟಿತು, ಯಾವುದು ಕೊಡಲಿಲ್ಲವೆಂಬುದು ಎಂದಿಗೂ ತಿಳಿಯದು.

3. ಒಂದೊಂದು ಭಾಗದಲ್ಲಿಯೂ ಹತ್ತು ಹದಿನೈದು ಕಡೆಗಳಲ್ಲಿ ಸುಮಾರು 15 ಸೆಂಟಿಮೀಟರ್ ಆಳದವರೆಗೆ ಮಣ್ಣನ್ನು ತೆಗೆದು, ಬೆರೆಸಿ, ಅರ್ಧ ಕಿಲೋಗ್ರಾಮಿನಷ್ಟನ್ನು ಪ್ರತ್ಯೇಕ ಚೀಲಗಳಲ್ಲಿ ಪರೀಕ್ಷೆಗೆ ಕಳುಹಿಸಬೇಕು. ಬದುವಿನ ಅಂಚು, ಮರದ ನೆರಳು, ತಿಪ್ಪೆಯ ಜಾಗಗಳನ್ನು ಬಿಡಬೇಕು.

4. ಬಡ ಭಾಗದಲ್ಲಿ ಒಂದು ಗುಂಡಿ ತೋಡಿ ಮಣ್ಣಿನ ಆಳವನ್ನೂ, ಗಟ್ಟಿಪದರವನ್ನೂ, ಬೇರಿನ ಇಳಿತವನ್ನೂ ನೋಡಬೇಕು. ಕಾರಣವು ತಿಳಿಯುವವರೆಗೆ ಅಲ್ಲಿಗೆ ಹೆಚ್ಚು ಗೊಬ್ಬರ ಹಾಕಬಾರದು.

5. ಎಲ್ಲ ಭಾಗಗಳನ್ನೂ ಹಾಯುವಂತೆ ಒಂದು ಪಟ್ಟೆಗೆ ಯೂರಿಯವನ್ನು ಹಾಕದೆ ಬಿಟ್ಟು, ಫಲಿತಾಂಶವನ್ನು ಹೋಲಿಸಬೇಕು.

ಮಣ್ಣಿನ ಗುಣವು ಒಬ್ಬನ ಬದುವಿನಲ್ಲಿ ನಿಲ್ಲುವುದಿಲ್ಲ. ಒಂದೇ ಏರು, ಒಂದೇ ತಗ್ಗು ಹಲವರ ಹೊಲಗಳನ್ನು ಹಾಯ್ದುಹೋಗುತ್ತದೆ. ಗ್ರಾಮದ ಮುಖಂಡರು ಮುಂದೆ ಬಂದು, ಊರಿನ ಹಿರಿಯ ಬೇಸಾಯಗಾರರ ತಿಳಿವಳಿಕೆಯನ್ನು ಒಂದೆಡೆ ಸೇರಿಸಿ, ಗ್ರಾಮದ ನಕ್ಷೆಯ ಮೇಲೆ ಆಳವಾದ ಎರೆ, ತೆಳು ಎರೆ, ಮಸಾರಿ, ಗರಸು, ಚೌಳುಗಳನ್ನು ಗುರುತುಮಾಡಿಸಿದರೆ ಒಬ್ಬನ ಪರೀಕ್ಷೆಯ ಫಲವು ಅದೇ ಬಗೆಯ ಮಣ್ಣುಳ್ಳ ಹತ್ತು ಮಂದಿಗೆ ಉಪಯೋಗವಾಗುವುದು. ಗೊಬ್ಬರದ ಚೀಲಕ್ಕೆ ಕೊಟ್ಟ ಹಣವು ಕಾಳಾಗಿ ಮರಳಬೇಕಾದರೆ ಅದನ್ನು ಎಷ್ಟು ಹಾಕಬೇಕೆಂಬುದರೊಡನೆ ಎಲ್ಲಿ ಹಾಕಬೇಕೆಂಬುದನ್ನೂ ನಿಶ್ಚಯಿಸಿಕೊಳ್ಳಬೇಕೆಂಬುದನ್ನು ಭೂಮಾಲೀಕರು ಮನಗಾಣಬೇಕು.